ಉಳಿದದ್ದೆಲ್ಲ

ಪುತ್ತೂರು
೧೨ ಅಕ್ಟೋಬರ್ ೨೦೨೫, ಭಾನುವಾರ

ಯಶೂ,

ನಿನ್ನ ಫೋನು ನಿನ್ನ ಅಪ್ಪನ ಬೀರುವಿನಲ್ಲಿ ಉಂಟೆಂದು ಗೊತ್ತಿದ್ದೂ ಕಾಲ್ ಮಾಡಿದೆ. ಸ್ವಿಚ್ಡ್ ಆಫ್. ನೀನು ಎರಡನೇ ಸಲ ನೀಟ್ ಬರೆದು ಮುಗಿಸುವವರೆಗೆ ನಿನ್ನ ಹತ್ತಿರ ಮಾತಾಡಬೇಕಾದರೆ ಕಾಗದವೇ ಗತಿ ಎಂದು ಆಮೇಲೆ ನೆನಪಾಯಿತು. ಅಂಗಡಿಯವರ ಹತ್ತಿರ ಇನ್‌ಲ್ಯಾಂಡ್ ಲೆಟರ್ ಕೇಳಿದರೆ, "ಅದು ಈಗಲೂ ಬರ್ತದಾ ಮಗಾ?" ಎಂದು ನನ್ನನ್ನೇ ಕೇಳಿದರು.

ರಾಮಕುಂಜದ ಹಾಸ್ಟೆಲಿನಲ್ಲಿ ಪ್ರತಿ ಭಾನುವಾರ ನಾವು ಮನೆಗೆ ಕಾಗದ ಬರೆಯಲೇಬೇಕಿತ್ತಲ್ಲ. ವಾರ್ಡನ್ ಓದಿ ಸಹಿ ಹಾಕಿದ ಮೇಲೆಯೇ ಪೋಸ್ಟ್. "ನಾನು ಚೆನ್ನಾಗಿದ್ದೇನೆ" ಎಂದು ಆರನೇ ಕ್ಲಾಸಿನಿಂದ ಬರೆದು ಬರೆದು, ನಿಜವಾಗಿ ಚೆನ್ನಾಗಿದ್ದೇನೋ ಇಲ್ಲವೋ ಎಂದು ನೋಡಿಕೊಳ್ಳುವ ಅಭ್ಯಾಸವೇ ನನಗೆ ತಪ್ಪಿಹೋಗಿದೆ.

ಇಲ್ಲಿ ಲೇಡೀಸ್ ಹಾಸ್ಟೆಲು ಕಾಲೇಜಿನ ಹಿಂದೆ ತಗ್ಗಿನಲ್ಲಿದೆ. ಸಿಮ್ಮಿನ ರೇಂಜು ರೂಮಿನೊಳಗೆ ಬರುವುದಿಲ್ಲ. ಇರುವುದು ಕಾಲೇಜಿನ ವೈಫೈ ಒಂದೇ. ಸಂಜೆ ಎಲ್ಲರೂ ಒಟ್ಟಿಗೆ ಸೀರಿಯಲ್ಲು, ರೀಲ್ಸು ಹಾಕಿ ಕುಳಿತರೆ ಪಾಠದ ಪೇಜು ತೆರೆಯುವುದೇ ಇಲ್ಲ. ನನಗೆ ಇಂಟರ್ನಲ್ಸಿನ ಹೆದರಿಕೆ. ಹಾಗಾಗಿ ಧೈರ್ಯ ಮಾಡಿ ಒಂದು ಕಂಪ್ಲೇಂಟ್ ಬರೆದು ನೆಟ್‌ವರ್ಕ್ ಲ್ಯಾಬಿನ ಅಚ್ಚುತ ಸರ್‌ಗೆ ಕೊಟ್ಟೆ. ಇಡೀ ಕಾಲೇಜಿನ ನೆಟ್ಟು ನೋಡಿಕೊಳ್ಳುವುದು ಅವರೊಬ್ಬರೇ.

"ಕಂಪ್ಲೇಂಟ್ ಬರೆದದ್ದು ನೀನಾ? ಇಷ್ಟು ಉದ್ದ? ಹಾಗಾದ್ರೆ ನೀನೇ ಬಾ. ನನಗೆ ಟೈಪ್ ಮಾಡ್ಲಿಕ್ಕೆ ಜನ ಬೇಕಿತ್ತು" ಎಂದರು.

ಲ್ಯಾಬಿನ ಮೂಲೆಯಲ್ಲಿ ಒಂದು ಕಪ್ಪು ಡಬ್ಬ ಉಂಟು. ಫೈರ್‌ವಾಲ್. ಕಾಲೇಜಿಗೆ ಬರುವ ಇಂಟರ್‌ನೆಟ್ಟೆಲ್ಲ ಅದರೊಳಗಿಂದಲೇ ಹಾದು ಬರಬೇಕು. ಅದರಲ್ಲಿ ಯಾವುದಕ್ಕೆ ಎಷ್ಟು, ಯಾವುದು ಮೊದಲು ಎಂದು ಅಳತೆ ಇಡಬಹುದಂತೆ. ಟ್ರಾಫಿಕ್ ಶೇಪಿಂಗ್ ಎನ್ನುತ್ತಾರೆ. ನಾನು ಬಾಯಿ ಬಿಟ್ಟು ನಿಂತದ್ದನ್ನು ನೋಡಿ ಸರ್ ಕೇಳಿದರು, "ತೋಟಕ್ಕೆ ಸ್ಪ್ರಿಂಕ್ಲರ್ ಬಿಡುದು ನೋಡಿದ್ದೀಯಾ? ಪಂಪು ಒಂದೇ. ಎಲ್ಲ ಗೇಟ್‌ವಾಲ್ವ್ ಒಟ್ಟಿಗೆ ತಿರುಗಿಸಿದ್ರೆ ಎಂತ ಆಗ್ತದೆ?"

"ಯಾವುದೂ ತಿರುಗುದಿಲ್ಲ ಸರ್."

"ಅಷ್ಟೇ ಮಾರಾಯ್ತಿ. ನಾಲ್ಕು ವರ್ಷದ ಇಂಜಿನಿಯರಿಂಗ್ ನಿಂಗೆ ಅರ್ಧ ಗಂಟೆಯಲ್ಲಿ ಮುಗೀತು."

ದೀಪಾವಳಿ ರಜೆ ಕಳೆದ ಮೇಲೆ ಕೆಲಸ ಶುರು.

ಮತ್ತೆ, ನಿನ್ನ ಅಪ್ಪನ ಹಾಗೆ ನನ್ನ ಉಪ್ಪನೂ ಇನ್ನು ಮನೆಯಲ್ಲೇ; ಜನವರಿಯಲ್ಲಿ ಪೂರ್ತಿ ಬರುತ್ತಾರಂತೆ. ಶಾರ್ಜಾದ ಗ್ರೋಸರಿ ಬಿಟ್ಟು ಕಡಬದಲ್ಲೇ ಒಂದು ಅಂಗಡಿ ಹಾಕುವುದಂತೆ. ಉಮ್ಮ ಈಗಲೇ ಕಿಟಕಿಗಳಿಗೆ ಪೈಂಟ್ ಹೊಡೆಸುತ್ತಿದ್ದಾರೆ. ನನಗೆ ಏನೂ ಅನಿಸಲಿಲ್ಲ.

ನಿನ್ನ
ಫಸಿ

*

ಕೊಲ್ಲಮೊಗ್ರು
೨೫ ಅಕ್ಟೋಬರ್ ೨೦೨೫

ಫಸೀ,

ನಿನ್ನ ಕಾಗದವನ್ನು ಅಂಗಡಿಯಲ್ಲಿ ನಾಲ್ಕು ಜನ ಹಿಂದೆ ಮುಂದೆ ತಿರುಗಿಸಿ ನೋಡಿಯಾದ ಮೇಲೆ ನನಗೆ ಸಿಕ್ಕಿತು. "ಯಾರದ್ದು, ಎಲ್ಲಿಂದ, ಕೋರ್ಟಿಂದಲಾ?" ಎಂದು ವಿಚಾರಣೆ ಆಯಿತು. ಗೆಳತಿಯದ್ದು ಎಂದರೆ ನಂಬುವವರಿಲ್ಲ.

ನನ್ನ ದಿನಚರಿ ಕೇಳಬೇಡ. ಬೆಳಿಗ್ಗೆ ಬಯಾಲಜಿ, ಮಧ್ಯಾಹ್ನ ಫಿಸಿಕ್ಸ್, ಸಂಜೆ ಗುಡುಗು. ನಡುವೆ ಯಾರಾದರೂ ಬಂದು, "ಈ ಸಲ ಆಗ್ತದೆ ಅಲ್ವಾ?" ಎಂದು ಕೇಳಿ ಹೋಗುವುದು. ಫೋನು ಇದ್ದರೂ ಪ್ರಯೋಜನವಿರಲಿಲ್ಲ ಬಿಡು. ನಮ್ಮಲ್ಲಿ ರೇಂಜು ಸಿಗುವುದು ಗುಡ್ಡೆಯ ಮೇಲಿನ ಒಂದು ಬಂಡೆಯಲ್ಲಿ ಮಾತ್ರ. ದೇರಣ್ಣ ಚಿಕ್ಕಪ್ಪ ದಿನಾ ಅಲ್ಲಿ ಹತ್ತಿ, ಒಂದು ಕಾಲು ಎತ್ತಿ, ಪಶ್ಚಿಮಕ್ಕೆ ಮುಖ ಮಾಡಿ ಕೂಗುತ್ತಾರೆ. ಮನೆಯ ಅಂಗಳದಲ್ಲಿ ನಮಗೆಲ್ಲ ಕೇಳುತ್ತದೆ. ಆ ಕಡೆಯವರಿಗೆ ಕೇಳುತ್ತದೋ ಇಲ್ಲವೋ ದೇವರಿಗೇ ಗೊತ್ತು.

ನಿನಗೆ ಏನೂ ಅನಿಸದಿದ್ದರೆ, ಉಪ್ಪನ ಸುದ್ದಿ ಕಾಗದದ ಕೊನೆಗೆ ಯಾಕೆ ಬರೆದೆ? ಹಾಸ್ಟೆಲಿನಲ್ಲಿ ನಾವು ನಿಜವಾದದ್ದನ್ನು ವಾರ್ಡನ್ ಸಹಿ ಹಾಕಿದ ಮೇಲೆಯೇ ಕೆಳಗೆ ಸಣ್ಣಕ್ಕೆ ಬರೆಯುತ್ತಿದ್ದದ್ದು. ನಾನು ಮರೆತಿಲ್ಲ.

ಯಶಸ್ವಿ

*

ಪುತ್ತೂರು
೧೬ ನವೆಂಬರ್ ೨೦೨೫, ಭಾನುವಾರ

ಯಶೂ,

ಕೆಲಸ ಮುಗಿಯಿತು. ನಾನು ಈಗ ಹಾಸ್ಟೆಲಿನಲ್ಲಿ ದೊಡ್ಡ ಜನ. ಸೀನಿಯರ್‌ಗಳು ಪಾಯಸದ ದಿನ ನನ್ನನ್ನು ಕ್ಯೂವಿನಲ್ಲಿ ಮುಂದೆ ಬಿಟ್ಟರು.

ಮೊದಲು ಅಚ್ಚುತ ಸರ್ ಮೆಸ್ಸಿಗೇ ಬಂದು ನಿಂತು ಕೇಳಿದರು, "ಮನೆಯವರ ಹತ್ತಿರ ಮಾತಾಡ್ಲಿಕ್ಕೆ ನೀವೆಲ್ಲ ಯಾವ ಆಪ್ ಬಳಸುದು? ಅದನ್ನು ಹಾಳು ಮಾಡ್ಲಿಕ್ಕಿಲ್ಲ, ಅದಕ್ಕೆ ಕೇಳಿದ್ದು." ಎಲ್ಲರೂ ಒಂದೇ ಸ್ವರದಲ್ಲಿ, "ವಾಟ್ಸಾಪ್ ಕಾಲ್ ಸರ್!" ನಾನೂ ಕೂಗಿದೆ.

ಆಮೇಲೆ ಲ್ಯಾಬಿನಲ್ಲಿ ಸರ್ ಹೇಳಿದ ಹಾಗೆ ನಾನು ಟೈಪ್ ಮಾಡಿದೆ. ಎಲ್ಲಕ್ಕಿಂತ ಮೊದಲು ಪಾಠದ್ದು. ಅದರ ನಂತರ ಕಾಲ್. ಅದರ ನಂತರ ಸಿನೆಮಾ, ರೀಲ್ಸು. ಫೈರ್‌ವಾಲಿಗೆ ಗುರುತು ಸಿಗದ ಹಾಳುಮೂಳು ಇರುತ್ತದಲ್ಲ, ಅದಕ್ಕೆ ಕೊನೆಯ ಸಾಲು. "ಇದಕ್ಕೆ ಎಂತ ಹೆಸರು ಇಡುದು ಸರ್?" ಎಂದೆ. "ಉಳಿದದ್ದೆಲ್ಲ ಅಂತ ಹಾಕು. ಅದಕ್ಕೆ ನೂಲಿನಷ್ಟು ನೀರು ಸಾಕು." ಈ ಅಳತೆಯೆಲ್ಲ ಹೊರಗಿನಿಂದ ಒಳಗೆ ಬರುವುದಕ್ಕೆ ಮಾತ್ರ. ನಮ್ಮಿಂದ ಹೊರಗೆ ಹೋಗುವ ದಾರಿ ಯಾವಾಗಲೂ ಖಾಲಿ, ಅದನ್ನು ಮುಟ್ಟುವುದು ಬೇಡ ಎಂದರು.

ಮರುದಿನದಿಂದ ಪಾಠದ ಪೇಜು ಒತ್ತಿದ ಕೂಡಲೇ ತೆರೆಯುತ್ತದೆ. ನನ್ನ ಹೆದರಿಕೆ ಮಾತ್ರ ಹಾಗೆಯೇ ಉಂಟು.

ಉಪ್ಪನ ಕಾಲ್ ಈಚೆಗೆ ಸರಿ ಇಲ್ಲ. ಸಂಜೆ ಅವರ ಅಂಗಡಿಯಲ್ಲಿ ಗಿರಾಕಿ ಕಡಿಮೆ ಇರುವಾಗ ದಿನಾ ವಿಡಿಯೋದಲ್ಲಿ ಬರುತ್ತಾರೆ. ಈಗ ಬಂದ ಕೂಡಲೇ ಮುಖ ನಿಂತುಬಿಡುತ್ತದೆ. ಬಾಯಿ ಅರ್ಧ ತೆರೆದ ಹಾಗೆ. ಸ್ವರ ಇಲ್ಲ. ಮೊದಲ ದಿನ "ಕೇಳುದಿಲ್ಲ ಉಪ್ಪಾ" ಎಂದು ಕೂಗಿದೆ. ಅವರಿಂದ ಮೆಸೇಜ್ ಬಂತು, "ಕಟ್ ಮಾಡಬೇಡ. ಹಾಗೇ ಇರಲಿ." ನೆಟ್ಟು ಸರಿಯಾಗಲಿ ಎಂದು ಕಾಯುವುದಿರಬೇಕು. ದುಬೈ, ಶಾರ್ಜಾದಲ್ಲಿ ಮನೆಯವರಿರುವ ಬೇರೆ ಹುಡುಗಿಯರಿಗೂ ಇದೇ ಕತೆ. ಗಲ್ಫಿನ ನೆಟ್ಟೇ ಹಾಗೆ ಎಂದು ಎಲ್ಲರೂ ಸುಮ್ಮನಾಗಿದ್ದಾರೆ.

ನಾನು ಫೋನನ್ನು ಸ್ಟೀಲಿನ ಲೋಟಕ್ಕೆ ಒರಗಿಸಿ ಇಟ್ಟು ಓದುತ್ತೇನೆ. ನಿಜ ಹೇಳಬೇಕೆಂದರೆ ಹೀಗೇ ಸುಲಭ. "ಊಟ ಆಯ್ತಾ, ಮಾರ್ಕ್ಸ್ ಎಷ್ಟು" ಎಂದು ಇಬ್ಬರೂ ಹುಡುಕಿ ಹುಡುಕಿ ಮಾತಾಡಬೇಕೆಂದಿಲ್ಲ.

ಮೊನ್ನೆ ರಮ್ಲತ್, ನನ್ನ ರೂಮ್‌ಮೇಟ್, ಉಪ್ಪಿನಂಗಡಿಯವಳು, ಮಂಚದ ಮೇಲೆ ಉಗುರು ಕತ್ತರಿಸುತ್ತ, "ನಿನ್ನ ಉಪ್ಪ ಪೂರ್ತಿ ಬರುದಂತೆ ಅಲ್ವಾ? ನಿನ್ನ ಲಕ್ಕು ಮುಗೀತು ಮಾರಾಯ್ತಿ" ಎಂದಳು. "ನನ್ನ ಉಪ್ಪನನ್ನು ಎರಡು ವರ್ಷ ಎಲ್ಲಿಗಾದ್ರೂ ಕಳಿಸ್ಲಿಕ್ಕೆ ಆಗ್ತದಾ ನೋಡು. ಮನೆಯಲ್ಲಿ ಟಿವಿ ರಿಮೋಟೇ ಸಿಗುದಿಲ್ಲ."

ನಾನು ಹೇಳಿದೆ, "ಬಂದ್ರೆ ನಾನು ಎಲ್ಲಿ ಕೂರುದು ಅಂತಲೇ ಗೊತ್ತಾಗುದಿಲ್ಲ. ರಜೆಗೆ ಬಂದಾಗಲೇ ಮನೆಗೆ ಯಾರೋ ನೆಂಟರು ಬಂದ ಹಾಗೆ. ಅಲ್ಲೇ ಇದ್ರೆ ಎಲ್ಲರಿಗೂ ಒಳ್ಳೇದು."

ಅವಳು ಫೋನಿನ ಕಡೆ ಕಣ್ಣು ಮಾಡಿ, "ಶ್! ಕಾಲ್ ಉಂಟು" ಎಂದಳು.

"ಸತ್ತಿದೆ ಅದು, ನೋಡು" ಎಂದು ಫೋನನ್ನು ಅವಳ ಕಡೆ ತಿರುಗಿಸಿದೆ. ಉಪ್ಪನ ಕಣ್ಣು ಅರ್ಧ ಮುಚ್ಚಿದಲ್ಲಿಗೇ ನಿಂತಿತ್ತು. "ಅಯ್ಯೋ, ಆಧಾರ್ ಕಾರ್ಡಿನ ಫೋಟೋ!" ಎಂದು ಅವಳು ನಕ್ಕಳು. ನಾನೂ ನಕ್ಕೆ.

ಇದನ್ನು ಕೆಳಗೆ ಸಣ್ಣಕ್ಕೆ ಬರೆದಿಲ್ಲ, ನೋಡು.

ನಿನ್ನ
ಫಸಿ

*

ಕೊಲ್ಲಮೊಗ್ರು
೨೭ ನವೆಂಬರ್ ೨೦೨೫

ಫಸೀ,

ಮೊದಲು ಇಲ್ಲಿಯ ಕತೆ ಕೇಳು.

ಗಾಳಿಗೆ ಮರ ಬಿದ್ದು ನಮ್ಮಲ್ಲಿ ವಾರದಿಂದ ಕರೆಂಟಿರಲಿಲ್ಲ. ದೇರಣ್ಣ ಚಿಕ್ಕಪ್ಪ ಬಂಡೆ ಹತ್ತಿ ಲೈನ್‌ಮ್ಯಾನ್ ಲತೀಶನಿಗೆ ಫೋನ್ ಹಾಕಿದರು. ಆ ಕಡೆಯಿಂದ ಉಸಿರಿಲ್ಲ. ಹಲೋ ಹಲೋ ಎಂದು ಸಾಕಾಗಿ, ಲೈನು ಸತ್ತಿದೆ ಎಂದುಕೊಂಡು, ಫೋನು ಕಿವಿಯಲ್ಲೇ ಇರುವ ಹಾಗೆ ನಮ್ಮ ಕಡೆ ತಿರುಗಿ ಶುರು ಮಾಡಿದರು: "ಇವನಿಗೆ ಕಂಬ ಹತ್ತಲಿಕ್ಕೆ ಹೆದರಿಕೆ ಮಾರಾಯ್ರೆ! ಇವನ ಮದುವೆಯಲ್ಲಿ ಸ್ಟೇಜ್ ಹತ್ತುವಾಗಲೇ ಕಾಲು ನಡುಗಿದ್ದು ನಾನು ನೋಡಿದ್ದೇನೆ." ಅಷ್ಟಕ್ಕೇ ನಿಲ್ಲಲಿಲ್ಲ. ಉಳಿದದ್ದು ಕಾಗದದಲ್ಲಿ ಬರೆಯುವಂಥದ್ದಲ್ಲ.

ಮರುದಿನ ಬೆಳಿಗ್ಗೆ ಲತೀಶ ನಮ್ಮ ಅಂಗಳದಲ್ಲಿ. ಏಣಿ ಕೆಳಗಿಟ್ಟು ಬಹಳ ಮರ್ಯಾದೆಯಿಂದ ಕೇಳಿದ, "ದೇರಣ್ಣ, ಸ್ಟೇಜ್ ಹತ್ತುವಾಗ ಬಲಗಾಲು ನಡುಗಿದ್ದಾ, ಎಡಗಾಲಾ?"

ಚಿಕ್ಕಪ್ಪನಿಗೆ ಅವನ ಮಾತು ಒಂದೂ ಕೇಳಿರಲಿಲ್ಲ. ಅವನಿಗೆ ಇವರದ್ದು ಪ್ರತಿಯೊಂದೂ ಕೇಳಿತ್ತು. ಅಜ್ಜಿ ಈಗಲೂ ಸೆರಗು ಬಾಯಿಗಿಟ್ಟು ನಗುತ್ತಾರೆ. ನಾನೂ ತುಂಬ ನಕ್ಕೆ.

ಆಮೇಲೆ ಪುಸ್ತಕ ತೆರೆದು ಕುಳಿತಾಗ ನಿನ್ನ ಕಾಗದ ನೆನಪಾಯಿತು. ನಗು ನಿಂತಿತು.

ಫಸೀ, ಒಳಗೆ ಬರುವುದಕ್ಕೆ ಮಾತ್ರ ಅಳತೆ, ಹೊರಗೆ ಹೋಗುವ ದಾರಿ ಖಾಲಿ ಎಂದು ನೀನೇ ಬರೆದಿದ್ದೀಯ. ನಿನಗೆ ಉಪ್ಪನದ್ದು ಕೇಳುವುದಿಲ್ಲ, ಸರಿ. ಉಪ್ಪನಿಗೆ ನಿನ್ನದು ಕೇಳುತ್ತದಾ ಎಂದು ನೀನು ಕೇಳಿದ್ದೀಯಾ?

ಯಶಸ್ವಿ

*

ಪುತ್ತೂರು
೩೦ ನವೆಂಬರ್ ೨೦೨೫, ಭಾನುವಾರ

ಯಶೂ,

ನಿನ್ನ ಕಾಗದ ಇನ್ನೂ ಬಂದಿಲ್ಲ. ಆದರೂ ಬರೆಯುತ್ತಿದ್ದೇನೆ.

ಉಪ್ಪ ಬರುವುದಿಲ್ಲವಂತೆ. ವೀಸಾ ಇನ್ನೆರಡು ವರ್ಷಕ್ಕೆ ರಿನೀವಲ್ ಮಾಡಿಸಿದ್ದಾರೆ. ನಿನ್ನೆ ಮನೆಗೆ ಹೋದಾಗ ಉಮ್ಮ ಅಕ್ಕಿ ಆರಿಸುತ್ತ ಹೇಳಿದರು. "ಎಂತಕ್ಕೆ ಅಂತ ಕೇಳಿದೆ. ಅಲ್ಲೇ ಇದ್ರೆ ಎಲ್ಲರಿಗೂ ಒಳ್ಳೇದು ಅಂದ್ರು."

ಕಿಟಕಿಗಳಿಗೆ ಹಸಿರು ಪೈಂಟ್ ಹೊಡೆಸಿಯಾಗಿತ್ತು. ವಾಸನೆ ಇನ್ನೂ ಹೋಗಿಲ್ಲ. ಕಡಬದ ಅಂಗಡಿ ಬೇರೆಯವರಿಗೆ ಹೋಯಿತಂತೆ. ಉಮ್ಮ ಅಳಲಿಲ್ಲ. ನನಗೆ ಬಡಿಸಿದರು, ನಾನು ಉಂಡೆ, ತಟ್ಟೆ ತೊಳೆದಿಟ್ಟೆ.

ಸಂಜೆಯ ಕಾಲ್ ಕೂಡ ನಿಂತಿದೆ. ಮೊದಲ ದಿನ ತಪ್ಪಿದಾಗ ಕೆಲಸ ಇರಬೇಕು ಎಂದುಕೊಂಡೆ. ಈಗ ಶುಕ್ರವಾರ ಉಮ್ಮನಿಗೆ ಮಾತ್ರ ಮಾಡುತ್ತಾರೆ. ಲೋಟ ಮೇಜಿನ ಮೇಲೆ ಹಾಗೆಯೇ ಉಂಟು.

ಏನೋ ಆಗಬೇಕಿತ್ತು ನನಗೆ, ಸಮಾಧಾನವೋ ದುಃಖವೋ. ಚಪ್ಪಲಿ ಹಾಕಿಕೊಂಡು ಬಸ್ಸಿಗೆ ಬಂದೆ. ಇಳಿಯುವ ಸ್ಟಾಪು ದಾಟಿಹೋದದ್ದು ಗೊತ್ತಾಗಲಿಲ್ಲ, ಅಷ್ಟೇ.

ಫಸಿ

*

ಪುತ್ತೂರು
೭ ಡಿಸೆಂಬರ್ ೨೦೨೫, ಭಾನುವಾರ

ಯಶೂ,

ನಿನ್ನ ಕಾಗದ ಸೋಮವಾರ ಬಂತು. ಲೈನ್‌ಮ್ಯಾನಿನ ಕತೆಯನ್ನು ರಮ್ಲತಳಿಗೆ ಜೋರಾಗಿ ಓದಿ ಹೇಳುತ್ತಿದ್ದೆ. ಕೊನೆಯ ಸಾಲನ್ನೂ ಓದಿ ಕಾಗದ ಮಡಚಿದೆ. ಅವಳು ಉಗುರು ಕಚ್ಚುತ್ತ ನನ್ನನ್ನೇ ನೋಡುತ್ತಿದ್ದಳು. ಕೊನೆಗೆ, "ಆಧಾರ್ ಕಾರ್ಡ್ ಅಂದದ್ದೂ ಕೇಳಿರ್ತದಾ?" ಎಂದಳು.

ನೇರವಾಗಿ ಲ್ಯಾಬಿಗೆ ಹೋದೆ. ಅಚ್ಚುತ ಸರ್ ಟಿಫಿನ್ ಬಾಕ್ಸ್ ಮುಚ್ಚಿ ಸ್ಕ್ರೀನ್ ತೆರೆದರು. ಕೊನೆಯ ಸಾಲನ್ನು, ಆ "ಉಳಿದದ್ದೆಲ್ಲ"ವನ್ನು ಒತ್ತಿದರೆ ಅದರೊಳಗೆ ಏನೇನು ಹೋಗಿ ಬಿದ್ದಿದೆ ಎಂದು ತೋರಿಸುತ್ತದೆ. ನಾವು ಒಮ್ಮೆಯೂ ಒತ್ತಿ ನೋಡಿರಲಿಲ್ಲ. ಅದರಲ್ಲಿ ತುಂಬಿದ್ದದ್ದು ಹಾಳುಮೂಳಲ್ಲ. ಸಂಜೆ ಸಂಜೆ ಉದ್ದಕ್ಕೆ ನಡೆಯುವ ಕಾಲ್‌ಗಳು. ಅರ್ಧಕ್ಕರ್ಧ ಗಲ್ಫಿನದ್ದು.

ಉಪ್ಪ ಇರುವ ಕಡೆ ವಾಟ್ಸಾಪಿನಲ್ಲಿ ಮೆಸೇಜ್ ಹೋಗುತ್ತದೆ, ಕಾಲ್ ಹೋಗುವುದಿಲ್ಲ, ಅಲ್ಲಿಯ ಸರ್ಕಾರದ ತಡೆ. ಅಲ್ಲಿಯವರು ಕಾಲಿಗೆಂದೇ ಬೇರೆ ಆಪ್ ಹಾಕಿಕೊಳ್ಳುತ್ತಾರೆ. ನನ್ನ ಫೋನಿನಲ್ಲಿ ಅದು ಉಂಟು, ಉಮ್ಮನ ಫೋನಿನಲ್ಲಿ ಉಂಟು, ನಮ್ಮ ಕಡೆ ಯಾವ ಮನೆಯಲ್ಲಿ ಇಲ್ಲ ಹೇಳು. ಆದರೆ ಯಾರಾದರೂ ಅದರ ಹೆಸರು ಹೇಳುತ್ತಾರಾ? ನೆಟ್ಟಿನಲ್ಲಿ ಬಂದದ್ದೆಲ್ಲ ನಮಗೆ ವಾಟ್ಸಾಪ್ ಕಾಲೇ. ಆ ದಿನ ಮೆಸ್ಸಿನಲ್ಲಿ ನಾವೆಲ್ಲ ಹಾಗೆಯೇ ಕೂಗಿದ್ದು. ಸರ್ ಬರೆದುಕೊಂಡರು. ನಾನು ಟೈಪ್ ಮಾಡಿದೆ. ದಿನಾ ಅದೇ ಆಪ್ ಒತ್ತಿ ಉಪ್ಪನ ಮುಖ ನೋಡುವ ನನಗೇ ಅದು ನೆನಪಾಗಲಿಲ್ಲ.

"ಸರ್, ಆ ಕಡೆಯವರಿಗೆ ನಮ್ಮದು ಕೇಳ್ತಿತ್ತಾ?"

ಸರ್ ಹೊರಗೆ ಹೋಗುವ ಗೆರೆಯ ಮೇಲೆ ಬೆರಳಿಟ್ಟರು. ಒಂದು ಕಡೆಯೂ ತುಂಡಾಗದ ಗೆರೆ. "ಕೇಳುದು ಮಾತ್ರ ಅಲ್ಲ, ಎದುರು ಕೂತ ಹಾಗೆ ಕಾಣ್ತಿತ್ತು ಕೂಡ. ಈ ಅಳತೆ ನಾನು ಹೇಳಿದ್ದು. ನೀನು ತಲೆಗೆ ಹಚ್ಚಿಕೊಳ್ಬೇಡ" ಎಂದರು. ಅಳತೆಯದ್ದು ಅವರು ಹೇಳಿದ್ದು, ಹೌದು. ಮಾತಿನದ್ದು ನಾನು ಹೇಳಿದ್ದು.

"ಕಟ್ ಮಾಡಬೇಡ, ಹಾಗೇ ಇರಲಿ" ಎಂದು ಉಪ್ಪ ಬರೆದದ್ದು ನೆಟ್ಟಿಗೆ ಕಾದು ಅಲ್ಲ ಯಶೂ. ಅವರು ನಾನು ಓದುವುದನ್ನು ನೋಡುತ್ತಿದ್ದರು.

ಆ ಆಪಿನ ಹೆಸರನ್ನು ಎರಡನೇ ಸಾಲಿಗೆ ಸೇರಿಸಿದೆವು. ಈಗ ಬೇರೆ ಹುಡುಗಿಯರ ಉಪ್ಪಂದಿರ ಸ್ವರ ವರಾಂಡದವರೆಗೂ ಕೇಳುತ್ತದೆ. ದಾರಿ ಸರಿಯಾಗಿದೆ. ನನಗೆ ಕಾಲ್ ಬರುವುದಿಲ್ಲ. ನಾನಾಗಿ ಮಾಡಲು ಹೋದರೆ ಬೆರಳು ಆ ಆಪಿನ ಮೇಲೆ ನಿಲ್ಲುತ್ತದೆ, ಒತ್ತುವುದಿಲ್ಲ. ಮೆಸೇಜು ಟೈಪ್ ಮಾಡಿ ಅಳಿಸಿದೆ. ಅತ್ತರೆ ಬರೆಯಬಹುದಿತ್ತೇನೋ. ಅಳು ಬರುವುದಿಲ್ಲ. ಕೈಯ ಮೇಲೆ ಮಲಗಿ ಎದ್ದಾಗ ಕೈ ಮರಗಟ್ಟಿರುತ್ತದಲ್ಲ, ಮುಟ್ಟಿದರೆ ಬೇರೆ ಯಾರದ್ದೋ ಅನಿಸುತ್ತದಲ್ಲ, ಹಾಗೆ ಉಂಟು.

ಫಸಿ

*

ಕೊಲ್ಲಮೊಗ್ರು
೧೪ ಡಿಸೆಂಬರ್ ೨೦೨೫

ಫಸೀ,

ಫಿಸಿಕ್ಸ್ ಬಿಟ್ಟು ಬರೆಯುತ್ತಿದ್ದೇನೆ, ಹಾಗಾಗಿ ಚಿಕ್ಕದು.

ಮರಗಟ್ಟಿದ ಕೈಯನ್ನು ಅಲ್ಲಾಡಿಸಬೇಕು. ಮೊದಲು ಇರುವೆ ಹರಿದ ಹಾಗೆ ಆಗುತ್ತದೆ, ಅದಕ್ಕೆ ಹೆದರಿ ಸುಮ್ಮನೆ ಇಟ್ಟುಕೊಳ್ಳಬಾರದು.

ಚಿಕ್ಕಪ್ಪ ಏನು ಮಾಡಿದರು ಗೊತ್ತಾ? ಲತೀಶನಿಗೆ ಕ್ಷಮಿಸು ಎನ್ನಲಿಲ್ಲ. "ನಡುಗಿದ್ದು ನಿಜವೇ ಮಾರಾಯ, ಆದ್ರೆ ಹತ್ತಿದೆ ಅಲ್ವಾ ನೀನು. ಅದನ್ನೂ ನಾನೇ ನೋಡಿದ್ದು" ಎಂದರು. ಲತೀಶ ಕಾಫಿ ಕುಡಿದು ಕಂಬ ಹತ್ತಿದ.

ನಿನಗೆ ಫೋನಿನಲ್ಲಿ ಆಗದು. ಹಾಸ್ಟೆಲಿನವರು ನಾವು, ಕಾಗದದಲ್ಲೇ ಸ್ವಲ್ಪ ಧೈರ್ಯ. ಉಪ್ಪನಿಗೆ ಬರಿ. ಕೆಳಗೆ ಸಣ್ಣಕ್ಕೆ ಬೇಡ. ಮೇಲಿಂದಲೇ ಬರಿ.

ಯಶಸ್ವಿ

*

ಕಡಬ
೨೧ ಡಿಸೆಂಬರ್ ೨೦೨೫, ಭಾನುವಾರ

ಉಪ್ಪಾ,

ಅಸ್ಸಲಾಮು ಅಲೈಕುಂ.

ಕುಂಞಿ ಮೋನು ಕಾಕ ಬುಧವಾರ ಶಾರ್ಜಾಕ್ಕೆ ವಾಪಸ್ ಹೊರಡುತ್ತಾರೆ. ಉಮ್ಮ ಅವರ ಕೈಯಲ್ಲಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಕಳಿಸುತ್ತಿದ್ದಾರೆ. ಮೊದಲೆಲ್ಲ ನಿಮ್ಮ ಕಾಗದಗಳು ಹೀಗೆಯೇ ಹೋಗಿ ಬರುತ್ತಿದ್ದವಂತೆ. ಊರಿಂದ ಹೊರಟವರ ಪೆಟ್ಟಿಗೆಯಲ್ಲಿ ಹತ್ತು ಮನೆಯ ಕಾಗದ ಇರುತ್ತಿತ್ತಂತೆ. ಅದಕ್ಕೇ ನಾನೂ ಬರೆಯುತ್ತಿದ್ದೇನೆ.

ಹಾಸ್ಟೆಲಿನಲ್ಲಿ ನಿಮ್ಮ ಸ್ವರ ನನಗೆ ಕೇಳದೆ ಹೋದದ್ದು ಗಲ್ಫಿನ ನೆಟ್ಟಿನಿಂದಲ್ಲ. ಕಾಲೇಜಿನ ಫೈರ್‌ವಾಲಿನಲ್ಲಿ ಯಾವುದು ಮುಖ್ಯ, ಯಾವುದು ಅಲ್ಲ ಎಂದು ನಾನೇ ಸಾಲು ಮಾಡಿ ಟೈಪ್ ಮಾಡಿದೆ. ನಿಮ್ಮ ಆಪಿನ ಹೆಸರು ಬರೆಯಲು ಮರೆತೆ. ನಿಮ್ಮ ಕಾಲ್ ಕೊನೆಯ ಸಾಲಿಗೆ ಬಿತ್ತು. ನಿಮ್ಮದು ನನಗೆ ಕೇಳಲಿಲ್ಲ, ನನ್ನದು ನಿಮಗೆ ಕೇಳಿತು. ಇದು ನನಗೆ ಗೊತ್ತಾದದ್ದು ನೀವು ವೀಸಾ ಮಾಡಿಸಿದ ಮೇಲೆ.

ರಮ್ಲತಳ ಹತ್ತಿರ ನಾನು ಹೇಳಿದ್ದು ಸುಳ್ಳಲ್ಲ ಉಪ್ಪಾ. ಸುಳ್ಳು ಎಂದು ಈಗ ಬರೆದರೆ ಅದು ವಾರ್ಡನ್‌ಗೆ ತೋರಿಸುವ ಕಾಗದ ಆಗುತ್ತದೆ. ನೀವು ಬಂದರೆ ಮನೆಯಲ್ಲಿ ಎಲ್ಲಿ ಕೂರುವುದು ಎಂದು ನನಗೆ ನಿಜವಾಗಿ ಗೊತ್ತಾಗುವುದಿಲ್ಲ. ನೀವು ಹಾಲ್‌ನಲ್ಲಿದ್ದರೆ ನಾನು ಅಡುಗೆಮನೆಗೆ ಹೋಗುತ್ತೇನೆ. ನೀವು ಅಲ್ಲಿಗೆ ನೀರು ಕುಡಿಯಲು ಬಂದರೆ ಅಂಗಳಕ್ಕೆ ಹೋಗುತ್ತೇನೆ. ನೀವು ತಂದ ಚಾಕಲೇಟ್ ನಿಮ್ಮ ಎದುರು ತಿನ್ನಬೇಕೋ ಆಮೇಲೋ ಎಂದು ಕೂಡ ಗೊತ್ತಾಗುವುದಿಲ್ಲ. ಎರಡು ತಿಂಗಳಲ್ಲಿ ಸ್ವಲ್ಪ ಸ್ವಲ್ಪ ಗೊತ್ತಾಗುತ್ತ ಬರುತ್ತದೆ. ಆ ಹೊತ್ತಿಗೆ ನೀವು ಹೊರಡುತ್ತೀರಿ. ಮುಂದಿನ ಸಲ ಮತ್ತೆ ಮೊದಲಿನಿಂದ.

"ಅಲ್ಲೇ ಇದ್ರೆ ಒಳ್ಳೇದು" ಎಂದೆ. ಗೊತ್ತಾಗುವವರೆಗೆ ಇಲ್ಲೇ ಇರಿ ಎಂದು ಹೇಳಲು ನನಗೆ ಬರಲಿಲ್ಲ.

ಈಗ ಕಾಲ್ ಸರಿಯಾಗಿ ಬರುತ್ತದೆ. ಬೇರೆಯವರಿಗೆಲ್ಲ ಬರುತ್ತಿದೆ.

ನಿಮ್ಮ ಮಗಳು
ಫಸೀಲಾ

*

ಶಾರ್ಜಾ
೧೬ ಜನವರಿ ೨೦೨೬, ಶುಕ್ರವಾರ

ಪ್ರೀತಿಯ ಮಗಳು ಫಸೀಲಾಳಿಗೆ,

ವಅಲೈಕುಮುಸ್ಸಲಾಂ. ನಾನು ಆರಾಮ ಇದ್ದೇನೆ. ಕನ್ನಡ ಬರೆಯದೆ ತುಂಬ ವರ್ಷವಾಯಿತು. ಏಳನೇ ಕ್ಲಾಸಿನ ಕೈಬರಹ, ತಪ್ಪಿದ್ದರೆ ನಗಬಾರದು. ನಮ್ಮ ಅಂಗಡಿಯ ಹುಡುಗ ಸಾಬಿತ್ ಊರಿಗೆ ಹೋಗುತ್ತಾನೆ, ಅವನ ಕೈಯಲ್ಲಿ ಕಳಿಸುತ್ತೇನೆ.

ಉಪ್ಪಿನಕಾಯಿ ಒಡೆಯದೆ ಬಂತು. ನಿನ್ನ ಕಾಗದಕ್ಕೆ ಸ್ವಲ್ಪ ಎಣ್ಣೆ ತಾಗಿದೆ. ಓದಲಿಕ್ಕೆ ತೊಂದರೆ ಇಲ್ಲ.

ನಿನ್ನ ಟೇಬಲ್ ಫ್ಯಾನು ಟಕ ಟಕ ಸದ್ದು ಮಾಡುತ್ತದೆ. ಎಡಕ್ಕೆ ತಿರುಗುವಾಗ ಮಾತ್ರ. ಎಣ್ಣೆ ಬಿಡಬೇಕು. ಇದನ್ನು ಆಗಲೇ ಹೇಳಬೇಕೆಂದಿದ್ದೆ, ಹೇಳಿದ್ದೆ ಕೂಡ, ನಿನಗೆ ಕೇಳುತ್ತಿರಲಿಲ್ಲ. ನೀನು ಓದುವಾಗ ಪೆನ್ನನ್ನು ಹಲ್ಲಿಗೆ ಬಡಿಯುತ್ತೀಯ. ನನ್ನ ಉಮ್ಮ ಸೂಜಿಯನ್ನು ಹಾಗೆಯೇ ಬಡಿಯುತ್ತಿದ್ದರು. ನೀನು ಹುಟ್ಟುವ ಮೊದಲೇ ಅವರು ಹೋದರು. ನಿನಗೆ ಯಾರು ಕಲಿಸಿದ್ದೋ.

ನಿನ್ನ ಗೆಳತಿ ನನ್ನನ್ನು ಆಧಾರ್ ಕಾರ್ಡ್ ಎಂದದ್ದಕ್ಕೆ ಇಲ್ಲಿ ಅಂಗಡಿಯವರೆಲ್ಲ ನಕ್ಕರು. ಆ ಹೊತ್ತಿಗೆ ನಾನೂ ನಕ್ಕೆ.

ಕೂರುವ ವಿಷಯ ಬರೆದಿದ್ದೀಯ. ನನಗೂ ಹಾಗೆಯೇ. ನಮ್ಮ ಮನೆಯಲ್ಲಿ ಎಲ್ಲಿ ಕೂರುವುದು ಎಂದು ನನಗೂ ಗೊತ್ತಾಗುವುದಿಲ್ಲ. ನಿನ್ನ ಉಮ್ಮ ಬಾಗಿಲ ಹತ್ತಿರ ಒಂದು ಕುರ್ಚಿ ಎಳೆದುಕೊಡುತ್ತಾಳೆ, ನೆಂಟರಿಗೆ ಕೊಡುವ ಕುರ್ಚಿ. ಅದರಲ್ಲೇ ಕೂತು ಎರಡು ತಿಂಗಳು ಕಳೆಯುತ್ತೇನೆ. ನೀನು ಅಡುಗೆಮನೆಗೆ ಹೋಗುವುದು ನೋಡಿದ್ದೇನೆ. ನಾನು ನೀರು ಕುಡಿಯಲಿಕ್ಕೆ ಬಂದದ್ದು ಬಾಯಾರಿಕೆಗೆ ಅಲ್ಲ.

ವೀಸಾ ಸ್ಟ್ಯಾಂಪ್ ಆಗಿಹೋಯಿತು. ಅಂಗಡಿಯ ಧಣಿ ಬಿಡಬೇಕಲ್ಲ. ಕೇಳಿ ನೋಡುತ್ತೇನೆ. ಆಗುತ್ತದೆ ಎಂದು ಬರೆದರೆ ಅದೂ ನೀನು ಹೇಳಿದ ವಾರ್ಡನ್ ಕಾಗದ ಆಗುತ್ತದೆ.

ಸಂಜೆ ಫೋನನ್ನು ಮೊದಲಿನ ಹಾಗೆ ಲೋಟಕ್ಕೆ ಒರಗಿಸಿ ಇಡು. ಮಾತಾಡಬೇಕೆಂದಿಲ್ಲ. ನನ್ನದು ಕೇಳದಿದ್ದರೂ ಅಡ್ಡಿಲ್ಲ.

ನಿನ್ನ ಉಪ್ಪ
ನೌಷಾದ್

*

ಪುತ್ತೂರು
೧ ಫೆಬ್ರವರಿ ೨೦೨೬, ಭಾನುವಾರ

ಯಶೂ,

ಸಾಬಿತ್ ತಂದುಕೊಟ್ಟ ಕಾಗದವನ್ನು ಇದರೊಂದಿಗೆ ಕಳಿಸುತ್ತಿಲ್ಲ. ನೀನು ಬಂದಾಗ ಓದು.

ನಿನ್ನೆ ಸಂಜೆ ಲೋಟಕ್ಕೆ ಫೋನು ಒರಗಿಸಿ ನಾನೇ ಒತ್ತಿದೆ. ಉಪ್ಪ ಬಂದರು. ಮುಖ ನಿಲ್ಲಲಿಲ್ಲ. ಹಿಂದೆ ಬಿಸ್ಕತ್ತಿನ ಪ್ಯಾಕೆಟ್ಟುಗಳು, ಫ್ರಿಜ್ಜಿನ ಸದ್ದು, ಯಾರೋ ಹಿಂದಿಯಲ್ಲಿ ಮೊಸರು ಕೇಳಿದ್ದು, ಎಲ್ಲ ಬಂತು. ಉಪ್ಪನ ಗಡ್ಡ ಬೆಳ್ಳಗಾಗಿದೆ. ನಿಂತ ಚಿತ್ರದಲ್ಲಿ ಅದು ನನಗೆ ಕಂಡಿರಲಿಲ್ಲ.

"ಕೇಳ್ತದಾ?" ಎಂದರು.

"ಕೇಳ್ತದೆ."

ನಾನು ಪುಸ್ತಕ ತೆರೆದೆ. ಅವರು ಮೊಸರು ಕೊಟ್ಟು ಬಂದು ಕೂತರು. ರಮ್ಲತ್ ತಲೆಗೆ ಬೆಡ್‌ಶೀಟ್ ಎಳೆದುಕೊಂಡು ಉಸಿರು ಬಿಗಿಹಿಡಿದು ಮಲಗಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಉಪ್ಪ ಕೇಳಿದರು. ನಮ್ಮ ಬ್ಯಾರಿ ಭಾಷೆಯಲ್ಲಿ ಹೇಳಿದ್ದು, ನಿನಗೆ ಕನ್ನಡ ಮಾಡುತ್ತೇನೆ:

"ಫ್ಯಾನಿನ ಸದ್ದು ಹಾಗೇ ಉಂಟಲ್ಲ. ಎಣ್ಣೆ ಹಾಕ್ಲಿಲ್ವಾ?"

"ಇಲ್ಲ."

"ಎಂತಕ್ಕೆ?"

"ನಂಗೆ ಬರುದಿಲ್ಲ. ನೀವು ಊರಿಗೆ ಬಂದ ಮೇಲೆ ನೀವೇ ಹಾಕಿ."

ನೆಟ್ಟು ಹೋಯಿತೇನೋ ಎಂದು ಗಾಬರಿಯಲ್ಲಿ ತಲೆ ಎತ್ತಿದೆ. ಹೋಗಿರಲಿಲ್ಲ. ಉಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಿದ್ದರು. ಬಟ್ಟೆ ಗಾಜಿಗೆ ತಾಗುವ ಸದ್ದು ಕೂಡ ನನಗೆ ಕೇಳುತ್ತಿತ್ತು.

ನೀನು ಹೇಳಿದ ಇರುವೆ ನನ್ನ ಕೈಯಲ್ಲಿ ಹರಿಯತೊಡಗಿದೆ, ಯಶೂ.

ನಿನ್ನ
ಫಸಿ